ಕಾಡಿನ ಬಾಗಿಲಲ್ಲಿ ಕೇಳಿದ ಜರಡಿ

ಅಮೆರಿಕ ನೋಡಿ ಬಂದವರು ಎತ್ತರದ ಕಟ್ಟಡಗಳ ಬಗ್ಗೆ ಬರೆಯುತ್ತಾರೆ. ನಾನೂ ನೋಡಿದೆ. ಕತ್ತು ನೋಯಿತು. ನನ್ನ ತಲೆಯಲ್ಲಿ ಉಳಿದದ್ದು ಮಾತ್ರ ಒಂದು ಜರಡಿ. ಒಂದು ಕಪ್ಪು ಚಹಾ ಸೋಸುವುದಕ್ಕೂ ಸಾಲದಷ್ಟು ಸಣ್ಣದು. ಅದಿಲ್ಲ ಅಂದರೆ ಅಲ್ಲಿಯ ಕಾಡಿನಲ್ಲಿ ಜನರೇಟರ್ ಚಾಲೂ ಮಾಡಲು ಬಿಡುವುದಿಲ್ಲ. ಆ ಜರಡಿಯಿಂದ ನನ್ನ ತಂಗಿಯ ಸಂಸಾರದಲ್ಲಿ ಏನೇನಾಯಿತು ಎಂಬುದನ್ನೇ ಬರೆಯುತ್ತೇನೆ.

ನಾನು ಗದಗಿನಲ್ಲಿ ಖಾನಾವಳಿ ನಡೆಸಿದವಳು. ಕಲಿತದ್ದು ಮೂರನೇ ಇಯತ್ತೆ. ರೊಟ್ಟಿ ಬಡಿದಂತೆ ಬರೆಯುತ್ತೇನೆ. ದುಂಡಗೆ ಬರದಿದ್ದರೂ ಹೊಟ್ಟೆಗೆ ಹೋಗುತ್ತದೆ.

ಲಾರೆನ್ಸ್‌ವಿಲ್

ನನ್ನ ತಂಗಿ ಕಸ್ತೂರಿ ಮದುವೆಯಾಗಿ ಆ ದೇಶಕ್ಕೆ ಹೋದಾಗ ಎರಡು ಜಡೆ ಹಾಕುತ್ತಿದ್ದಳು. ಈಗ ಒಂದೂ ಇಲ್ಲ, ಕತ್ತಿನ ತನಕ ಕತ್ತರಿಸಿದ್ದಾಳೆ. ಲಾರೆನ್ಸ್‌ವಿಲ್ ಎಂಬ ಊರಿನಲ್ಲಿ ಅವರ ಮನೆ, ನಾನು ಹೋಗಿ ಇಳಿದದ್ದು ಅಲ್ಲೇ. ಗಂಡ ಹೊಟ್ಟೆ ಕೊಯ್ಯುವ ಡಾಕ್ಟರು. ಜೀವಮಾನವಿಡೀ ಕೊಯ್ದು ಈಗ ರಿಟೈರ್ ಆಗಿದ್ದಾರೆ. ಕೊರೊನಾ ಕಾಲದಲ್ಲಿ ಮನೆಯೊಳಗೆ ಕೂತು ಬೇಸರ ಬಂದು ಒಂದು ಹಳೆಯ ಮನೆಗಾಡಿ ಕೊಂಡಿದ್ದರು. ಲಾರಿಯಷ್ಟು ಉದ್ದ. ಅದರೊಳಗೆ ಒಲೆ, ಹಾಸಿಗೆ, ಸಂಡಾಸು ಎಲ್ಲ ಇವೆ.

"ಇಷ್ಟ ದೊಡ್ಡ ಮನಿ ಕಟ್ಟಿಸಿ ಗಾಡ್ಯಾಗ ಯಾಕ ಮಲಗತೀರಿ ಡಾಕ್ಟ್ರ?" ಎಂದು ಕೇಳಿದೆ.

"ಇದು ಫ್ರೀಡಂ ಅಕ್ಕಾರ," ಎಂದರು.

ನಮ್ಮೂರಿನಲ್ಲಿ ಹೀಗೆ ಗಾಡಿಯಲ್ಲಿ ಸಂಸಾರ ಮಾಡುವವರನ್ನು ಊರ ಹೊರಗೆ ಇಳಿಯಿರಿ ಎನ್ನುತ್ತಾರೆ. ಅಲ್ಲಿ ಅದಕ್ಕೆ ಫ್ರೀಡಂ ಎನ್ನುತ್ತಾರೆ.

ಕಸ್ತೂರಿಗೆ ಆ ಗಾಡಿಯಿಂದ ಆಗಬೇಕಾದದ್ದು ಒಂದೇ ಕೆಲಸ. ಹೊಸ ಮದುವಣಗಿತ್ತಿಯಾಗಿ ಆ ದೇಶಕ್ಕೆ ಹೋದ ವರ್ಷವೇ ಉತ್ತರ ಕೆರೊಲಿನಾದ ಕಾಡಿನ ದಾರಿಯಲ್ಲಿ ಕಾರಿನ ಕಿಟಕಿಯಿಂದ ಒಂದು ಹೊಳೆ ಕಂಡಿತ್ತಂತೆ. ಸ್ವಲ್ಪ ನಿಲ್ಲಿಸಿ ಎಂದಳಂತೆ. "ಮುಂದಿನ ಸಲ" ಎಂದರಂತೆ ಡಾಕ್ಟರು. ಆಮೇಲೆ ಪ್ರತಿ ಸಲವೂ ಯಾರದೋ ಹೊಟ್ಟೆ ಅಡ್ಡ ಬಂತು. ಮಗಳು ಹುಟ್ಟಿದಳು, ಬೆಳೆದಳು, ಮದುವೆಯಾಗಿ ದೂರದ ರೆಸ್ಟನ್‌ಗೆ ಹೋದಳು. ಹೊಳೆ ಮಾತ್ರ ಮುಂದಿನ ಸಲದಲ್ಲೇ ಉಳಿಯಿತು. ಈಗ ಮಗಳ ಮನೆಗೆ ಹೋಗುವ ದಾರಿಯಲ್ಲಿ ಒಂದು ರಾತ್ರಿ ಆ ಹೊಳೆಯ ದಂಡೆಯಲ್ಲಿ ಇರುವುದೆಂದು ಗಟ್ಟಿಯಾಗಿತ್ತು.

ಅದಕ್ಕೂ ಒಂದು ತೊಡಕಿತ್ತು. ಡಾಕ್ಟರಿಗೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುತ್ತದೆ. ಮೂಗಿಗೆ ಗಾಳಿ ಊದುವ ಮಷಿನ್ ಕಟ್ಟಿಕೊಂಡು ಮಲಗಬೇಕು. ನಾನು ಮೊದಲ ರಾತ್ರಿ ನೋಡಿದಾಗ ಆನೆ ಮಲಗಿದೆ ಅಂದುಕೊಂಡೆ. ಮಷಿನ್‌ಗೆ ಕರೆಂಟು ಬೇಕು, ಕಾಡಿನ ಆ ಜಾಗದಲ್ಲಿ ಕರೆಂಟಿನ ಕಂಬ ಇಲ್ಲ. ಗಾಡಿಯ ಬ್ಯಾಟರಿಯೂ ಮುದಿಯಾಗಿದೆ. ಸಂಜೆ ಜನರೇಟರ್ ಓಡಿಸಿ ಅದರ ಹೊಟ್ಟೆ ತುಂಬಿಸಿದರೆ ಮಾತ್ರ ರಾತ್ರಿ ಗಾಳಿ ಊದುತ್ತದೆ.

ಕಸ್ತೂರಿ ಕಡ್ಡಿ ಮುರಿದಂತೆ ಹೇಳಿದ್ದಳು. "ಜನರೇಟರ್ ನಡೀಲಿಲ್ಲ ಅಂದ್ರ ನಾ ಅಲ್ಲಿ ಇರಾಂಗಿಲ್ಲ. ರಾತ್ರಿಯೆಲ್ಲ ನಿಮ್ಮ ಉಸಿರು ಕಾಯಕೋತ ಕೂಡಾಕ ಹೊಳಿ ದಂಡಿಗೆ ಯಾಕ ಹೋಗಬೇಕು."

"ನಾ ಎಲ್ಲಾ ಚೆಕ್ ಮಾಡೀನಿ ಕಸ್ತೂರಿ," ಎಂದರು ಡಾಕ್ಟರು. ಅವರು ದಿನಕ್ಕೆ ಹತ್ತು ಸಲ ಹೇಳುವ ಮಾತು ಅದು.

ನಾರ್‌ಕ್ರಾಸ್

ಆಯುಧ ಪೂಜೆ ಮುಗಿಸಿ ದಶಮಿಯ ದಿನ ಹೊರಡುವುದೆಂದು ಕಸ್ತೂರಿ ನಿಶ್ಚಯ ಮಾಡಿದಳು. ಪೂಜೆಯ ಸಾಮಾನಿಗೆ ಹತ್ತಿರದ ನಾರ್‌ಕ್ರಾಸ್‌ಗೆ ಹೋದೆವು. ಅಲ್ಲಿ ನಮ್ಮವರ ಅಂಗಡಿಗಳಿವೆ. ಬಾಗಿಲು ತೆರೆದರೆ ಅಗರಬತ್ತಿ, ಇಂಗು, ಒಣ ಮೆಣಸಿನಕಾಯಿ ಎಲ್ಲದರ ವಾಸನೆ ಒಟ್ಟಿಗೆ ಬಂದು ಮೂಗಿಗೆ ಬಡಿಯುತ್ತದೆ. ನಾನು ಬೂದುಗುಂಬಳಕಾಯಿ ಎತ್ತಿಕೊಂಡೆ. ಅಂಗಡಿಯ ಹುಡುಗಿ ಮೈಸೂರಿನವಳು.

"ಆಂಟಿ, ಇದನ್ನ ರೋಡಲ್ಲಿ ಒಡೀಬೇಡಿ. ಹೋದ ವರ್ಷ ಯಾರೋ ಒಡೆದು ಪಕ್ಕದ ಮನೆಯವರು ಕಂಪ್ಲೇಂಟ್ ಮಾಡಿಬಿಟ್ರು."

"ಮತ್ತ ಏನ ಮಾಡೂದವಾ?"

"ಬ್ಯಾಕ್‌ಯಾರ್ಡಲ್ಲಿ ಮೆಲ್ಲಗೆ ಕಟ್ ಮಾಡಿ. ಸಾಂಬಾರ್ ಆದ್ರೂ ಆಗುತ್ತೆ."

ದೃಷ್ಟಿ ತೆಗೆದ ಕುಂಬಳಕಾಯಿಯಿಂದ ಸಾಂಬಾರು. ಒಳ್ಳೆಯ ಹುಡುಗಿ, ತಲೆ ಮಾತ್ರ ಕೆಟ್ಟಿದೆ.

ಆದರೆ ಮನೆಗೆ ಬರುವಾಗ ನೋಡಿದರೆ ಆ ದೇಶದ ಜನರ ಬಾಗಿಲಲ್ಲೂ ಕುಂಬಳಕಾಯಿ ಸಾಲು. ಅವರಿಗೂ ಅದೇ ತಿಂಗಳು ದೆವ್ವದ ಹಬ್ಬವಂತೆ. ಕಾಯಿಗೆ ಕಣ್ಣು, ಬಾಯಿ ಕೊರೆದು ಮೆಟ್ಟಿಲ ಮೇಲೆ ಕೊಳೆಯಲು ಬಿಡುತ್ತಾರೆ. ನಾವು ಒಡೆದರೆ ಗಲೀಜು, ಅವರು ಕೊಳೆಸಿದರೆ ಅಲಂಕಾರ.

ಗ್ಯಾರೇಜು

ಪೂಜೆಯ ಹಿಂದಿನ ದಿನ ಡಾಕ್ಟರು ಜನರೇಟರ್ ಬಿಚ್ಚಿಕೊಂಡು ಕೂತರು. ದೇವರನ್ನು ನಂಬದ ಮನುಷ್ಯ. ಆದರೆ ಕಂಪನಿಯವರು ಕೊಟ್ಟ ಪುಸ್ತಕವನ್ನು ಪುರಾಣದಂತೆ ಓದುತ್ತಾರೆ. ಅದರಲ್ಲಿ ಹೇಳಿದಂತೆ ಹೊಗೆ ಕೊಳವೆಯ ಬಾಯಿಂದ ಏನೋ ತೆಗೆದು, ತಂತಿಯ ಬ್ರಷ್ಷಿನಿಂದ ತಿಕ್ಕಿ, ಪೇಪರಿನ ಮೇಲೆ ಒಣಗಲು ಇಟ್ಟರಂತೆ. ಅದನ್ನು ನಾನು ನೋಡಲಿಲ್ಲ. ನಾನು ಹೋದಾಗ ಡಾಕ್ಟರು ಒಳಗೆ ಫೋನಿನಲ್ಲಿದ್ದರು. ಪೇಪರಿನ ಮೇಲೆ ಹಿಡಿಕೆ ಮುರಿದ ಚಹಾ ಜರಡಿಯಂಥದ್ದು ಒಂದು ಬಿದ್ದಿತ್ತು.

ನನಗೆ ಅಂಥದ್ದೇ ಬೇಕಾಗಿತ್ತು. ಗಾಡಿಯ ಸ್ಟೇರಿಂಗಿನ ಮುಂದೆ ಕಸ್ತೂರಿ ಹೆಬ್ಬೆರಳಿನಷ್ಟು ಹಿತ್ತಾಳೆ ಗಣಪತಿ ಇಟ್ಟಿದ್ದಳು. ಪ್ರತಿ ತಿರುವಿನಲ್ಲೂ ಗಣಪತಿ ಜಾರಿ ಮೂಲೆ ಸೇರುತ್ತಿದ್ದ. ಜರಡಿಯನ್ನು ಮಗುಚಿ ಇಟ್ಟು ನೋಡಿದೆ. ಅಳತೆ ಕೊಟ್ಟು ಮಾಡಿಸಿದ ಪೀಠದಂತೆ ಕೂತಿತು.

"ಕಸ್ತೂರಿ, ಇದು ಬೇಕೇನ?"

"ಗ್ಯಾರೇಜಿನಾಗ ಬಿದ್ದದ್ದು ಯಾವುದೂ ಬೇಕಾಗಿಲ್ಲ ತಗೋ ಅಕ್ಕಾ," ಎಂದಳು ಅಡುಗೆ ಮನೆಯಿಂದ.

ಚಪಾತಿಗೆ ನಾದಿದ ಕಣಕವನ್ನು ಚೂರು ಮುರಿದು ಜರಡಿಯ ಕೆಳಗೂ ಮೇಲೂ ಒತ್ತಿ, ಗಣಪತಿಯನ್ನು ಕೂಡಿಸಿದೆ. ಮರುದಿನ ಕಸ್ತೂರಿ ಪೀಠಕ್ಕೆ ಅರಿಶಿಣ, ಕುಂಕುಮ ಹಚ್ಚಿ ಹೂ ಏರಿಸಿದಳು. ಡಾಕ್ಟರ ಸ್ಟೆತಸ್ಕೋಪು, ಕಾರಿನ ಕೀಲಿ, ಮಿಕ್ಸರಿನ ಜಾರು ಎಲ್ಲಕ್ಕೂ ಪೂಜೆಯಾಯಿತು. ದಶಮಿಯ ಬೆಳಿಗ್ಗೆ ಮನೆಯ ಪೂಜೆಯನ್ನು ಕದಲಿಸಿದಳು. ದೇವರನ್ನು ಒಂದಿಷ್ಟು ಸರಿಸಿದರೆ ಪೂಜೆ ಮುಗಿಯಿತು ಎಂದು ಅರ್ಥ, ಆಮೇಲೆ ಸಾಮಾನು ಬಳಸಬಹುದು. ಗಾಡಿಯ ಗಣಪತಿಯನ್ನು ಮಾತ್ರ ಮುಟ್ಟಲಿಲ್ಲ.

"ಇಂವನ್ನ ರೆಸ್ಟನ್ ಮುಟ್ಟಿದ ಮ್ಯಾಲೆನ ಕದಲಿಸೂದು. ಅಲ್ಲೀತನಕ ಪೂಜಿಯಾಗಿರಲಿ, ನಮ್ಮನ್ನ ಕಾಯಲಿ," ಎಂದಳು.

ಡಾಕ್ಟರು ಜನರೇಟರಿಗೆ ಮುಚ್ಚಳ ಹಾಕಿ, ಗಾಡಿಯ ಸಾಮಾನಿನ ಗೂಡಿಗೆ ತಳ್ಳಿ, "ಎಲ್ಲಾ ಚೆಕ್ ಮಾಡೀನಿ," ಎಂದರು.

ದಾರಿ

ದಾರಿಯ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ರಸ್ತೆ ನೆಟ್ಟಗಿದೆ, ಯಾರೂ ಹಾರ್ನ್ ಹೊಡೆಯುವುದಿಲ್ಲ, ನಿದ್ದೆ ಬರುತ್ತದೆ. ದಕ್ಷಿಣ ಕೆರೊಲಿನಾದಲ್ಲಿ ಒಂದು ನೀರಿನ ಟ್ಯಾಂಕು ಕಂಡಿತು. ಪೀಚ್ ಎಂಬ ಹಣ್ಣಿನ ಆಕಾರದಲ್ಲಿ ಕಟ್ಟಿದ್ದಾರೆ, ನಡುವೆ ಒಂದು ಸೀಳು. ಒಂದು ಕಡೆಯಿಂದ ಹಣ್ಣಿನಂತೆಯೇ ಇದೆ. ಗಾಡಿ ಮುಂದೆ ಹೋದ ಮೇಲೆ ತಿರುಗಿ ನೋಡಿದೆ. ಯಾರೋ ಕೆರೆಯ ದಂಡೆಯಲ್ಲಿ ಬೆನ್ನು ತಿರುಗಿಸಿ ಕೂತಂತೆ ಕಂಡಿತು.

"ಡಾಕ್ಟ್ರ, ಅದು ಹಣ್ಣಲ್ಲ," ಎಂದೆ.

"ಗೊತ್ತೈತಿ ಅಕ್ಕಾರ. ಎಲ್ಲಾರಿಗೂ ಗೊತ್ತೈತಿ," ಎಂದರು.

ಇನ್ನೊಂದು ನೋಡಿದೆ. ಮನೆಗಾಡಿಯ ಸಂಡಾಸಿನ ತೊಟ್ಟಿ ತುಂಬಿದರೆ ಅದಕ್ಕೆಂದೇ ಇರುವ ಜಾಗದಲ್ಲಿ ನಿಲ್ಲಿಸಿ, ದಪ್ಪ ಪೈಪು ಹಚ್ಚಿ ನಾವೇ ಖಾಲಿ ಮಾಡಬೇಕು. ಸಾಲಾಗಿ ಗಾಡಿಗಳು. ಒಬ್ಬ ವಕೀಲ, ಒಬ್ಬ ಮಾಸ್ತರ, ನಮ್ಮ ಡಾಕ್ಟರು, ಎಲ್ಲರೂ ರಬ್ಬರಿನ ಕೈಗವಸು ಹಾಕಿಕೊಂಡು ತಮ್ಮ ತಮ್ಮ ಮನೆಯದನ್ನು ಹರಿಯಬಿಡುತ್ತಾ ಹವಾಮಾನದ ಬಗ್ಗೆ ಮಾತಾಡುತ್ತಿದ್ದರು. ನನಗೆ ಆ ದೇಶದ ಮೇಲೆ ಮರ್ಯಾದೆ ಹುಟ್ಟಿದ್ದು ಆ ಜಾಗದಲ್ಲಿಯೇ.

ಮಧ್ಯಾಹ್ನ ಡಾಂಬರು ಮುಗಿದು ಮಣ್ಣಿನ ದಾರಿ ಬಂತು. ಎರಡೂ ಕಡೆ ಎಲೆ ಉದುರಿಸುವ ಮರಗಳು. ಮಳೆಯಾಗದೆ ಬಹಳ ದಿನವಾಗಿತ್ತು. ಚಕ್ರದ ಕೆಳಗೆ ಒಣಗಿದ ಎಲೆ ಹಪ್ಪಳದಂತೆ ಮುರಿಯುತ್ತಿತ್ತು. ಕಸ್ತೂರಿ ಹಿಂದಿನ ಸೀಟಿನಲ್ಲಿ ಬೆಲ್ಟು ಹಾಕಿಕೊಂಡು ಕಿಟಕಿಗೆ ಮುಖ ಹಚ್ಚಿ ಕೂತಿದ್ದಳು. ನಾನು ಮುಂದೆ, ಡಾಕ್ಟರ ಪಕ್ಕದಲ್ಲಿ. ಇದ್ದಕ್ಕಿದ್ದಂತೆ ಒಂದು ಜಿಂಕೆ ಅಡ್ಡ ಹಾರಿತು. ಡಾಕ್ಟರು ಬ್ರೇಕ್ ತುಳಿದರು. ಒಣಗಿದ ಕಣಕ ಬಿರಿದು ಗಣಪತಿ ಪೀಠದಿಂದ ಕಿತ್ತು ಪಕ್ಕಕ್ಕೆ ಒರಗಿದ. ನಾನು ಕೈಯಲ್ಲಿ ಹಿಡಿದು ಮತ್ತೆ ಪೀಠದ ಮೇಲೆ ಕೂಡಿಸಿದೆ.

"ಏನಾತು?" ಎಂದಳು ಕಸ್ತೂರಿ.

"ಜಿಂಕಿ," ಎಂದರು ಡಾಕ್ಟರು. ನನ್ನ ಕಡೆ ಬಾಗಿ, "ಗಣಪತಿ ವಿಷಯ ಹೇಳಬ್ಯಾಡ್ರಿ ಅಕ್ಕಾರ. ಅಪಶಕುನ ಅಂತ ಗಾಡಿ ತಿರುಗಸು ಅಂತಾಳ," ಎಂದರು.

ನಾನು ಹೇಳಲಿಲ್ಲ. ಇಂಥ ಮಾತು ಕೈಯಲ್ಲಿದ್ದರೆ ಯಾವಾಗಲಾದರೂ ಕೆಲಸಕ್ಕೆ ಬರುತ್ತದೆ.

ಕಾಡಿನ ಬಾಗಿಲು

ಹೊಳೆಯ ಸದ್ದು ಕೇಳುವಷ್ಟು ಹತ್ತಿರದಲ್ಲಿ ಕಾಡಿನ ಆಫೀಸರ್ ಕೈ ತೋರಿಸಿ ನಿಲ್ಲಿಸಿದಳು. ಹೆಂಗಸು. ಅಗಲ ಅಂಚಿನ ಟೋಪಿ, ನನ್ನ ಎರಡರಷ್ಟು ಎತ್ತರ, ಮಾತು ಮಾತ್ರ ಬೆಣ್ಣೆ. ಮೊದಲು ಗಾಡಿಯನ್ನು ಒಣ ಹುಲ್ಲಿನಿಂದ ಬರಿ ಮಣ್ಣಿಗೆ ಸರಿಸಲು ಹೇಳಿದಳು. ಕಾದ ಹೊಗೆ ಕೊಳವೆ ಹುಲ್ಲಿಗೆ ತಾಗಿದರೂ ಬೆಂಕಿ ಹತ್ತುತ್ತದಂತೆ. ಆಮೇಲೆ ಜನರೇಟರ್ ಇದೆಯಾ ಎಂದು ಕೇಳಿ, ಹೊರಗೆ ತೆಗೆಸಿ, ಜೇಬಿನಿಂದ ಒಂದು ಸಣ್ಣ ಕಡ್ಡಿ ತೆಗೆದು ಹೊಗೆ ಕೊಳವೆಯೊಳಗೆ ಬಿಟ್ಟಳು. ಕಡ್ಡಿ ಸಲೀಸಾಗಿ ಒಳಗೆ ಹೋಯಿತು. ಅವಳು ತಲೆ ಅಲ್ಲಾಡಿಸಿದಳು.

"ಏನಂತಾಳ?" ಎಂದೆ.

ಡಾಕ್ಟರ ಮುಖ ಬಿಳಿಚಿತ್ತು. "ಸ್ಪಾರ್ಕ್ ಅರೆಸ್ಟರ್ ಇಲ್ಲ ಅಂತಾಳ. ಕಿಡಿ ಹಿಡಿಯೂ ಜಾಲರಿ. ಅದಿದ್ರ ಕಡ್ಡಿ ತಾಗಿ ನಿಲ್ಲಬೇಕಿತ್ತು. ಇಂಜಿನ್ ಹೊಗಿ ಜೋಡಿ ಕೆಂಡದ ಚೂರು ಹಾರತಾವ. ಜಾಲರಿ ಅವನ್ನ ತಡೀತದ. ಅದಿಲ್ಲದ ಜನರೇಟರ್ ಇಲ್ಲಿ ಚಾಲೂ ಮಾಡೂಹಂಗಿಲ್ಲ."

ನನಗೆ ಅದು ತಿಳಿಯದ ಮಾತಲ್ಲ. ನಾನು ಸಣ್ಣವಳಿದ್ದಾಗ ಗದಗಿನ ರೈಲು ಹಳಿಯ ಪಕ್ಕ ನಮ್ಮಪ್ಪ ಒಟ್ಟಿದ್ದ ಮೇವಿನ ಬಣವೆಗೆ ಕಲ್ಲಿದ್ದಲ ಇಂಜಿನ್ನಿನ ಕಿಡಿ ಬಿದ್ದು, ಸಂಜೆಯೊಳಗೆ ಬೂದಿಯಾಗಿತ್ತು. ಎತ್ತುಗಳು ಖಾಲಿ ಜಾಗ ನೋಡುತ್ತಾ ನಿಂತಿದ್ದವು. ಆಫೀಸರ್ ಹೇಳುವುದು ಸರಿ ಎಂದೇ ನನಗನಿಸಿತು. ಆ ಎಲೆಗಳ ಮೇಲೆ ಒಂದು ಕಿಡಿ ಬಿದ್ದಿದ್ದರೆ ಕಾಡು ಉಳಿಯುತ್ತಿರಲಿಲ್ಲ, ಕಾಡಿನೊಳಗಿದ್ದ ನಾವೂ ಉಳಿಯುತ್ತಿರಲಿಲ್ಲ.

"ಎಲ್ಲಾ ಚೆಕ್ ಮಾಡೀನಿ ಅಂದ್ರಲ್ಲ," ಎಂದಳು ಕಸ್ತೂರಿ.

"ಮಾಡಿದ್ದೆ. ತೊಳದು ಒಣಗಾಕ ಇಟ್ಟಿದ್ದೆ. ತಿರುಗಿ ಹಾಕೀನಿ ಅಂತ..."

"ಅಯ್ಯ, ಇಷ್ಟು ವರ್ಷ ಮಂದಿ ಹೊಟ್ಟಿಯೊಳಗ ಏನೇನ ಬಿಟ್ಟು ಹೊಲದೀರೋ ಡಾಕ್ಟ್ರ," ಎಂದೆ ನಾನು.

ಕಸ್ತೂರಿ ನಗಲಿಲ್ಲ. ಮರಗಳ ಸಂದಿಯಲ್ಲಿ ಹೊಳೆ ಹೊಳೆಯುತ್ತಿತ್ತು. ಅವಳು ಅದನ್ನೇ ನೋಡಿ, "ನಡೀರಿ, ಗಾಡಿ ತಿರುಗಸ್ರಿ. ಮುಂದಿನ ಸಲ ಅಂತ ಬರಕೊಂಡು ಬಂದೀನಿ ನಾ," ಎಂದು ಒಳಗೆ ಹತ್ತಲು ಹೋದಳು.

ಆಫೀಸರ್‌ಗೆ ಪಾಪ ಅನಿಸಿತೇನೋ, ತನ್ನ ಗಾಡಿಯಿಂದ ಒಂದು ಹಳೆಯ ಜಾಲರಿ ತಂದು ಇಂಥದ್ದು ಎಲ್ಲಾದರೂ ಇದೆಯಾ ಹುಡುಕಿ ಎಂದು ತೋರಿಸಿದಳು. ಅವಳದು ದೊಡ್ಡದು, ನಮ್ಮ ಕೊಳವೆಗೆ ಕೂಡುವಂಥದ್ದಲ್ಲ. ಆದರೆ ರೂಪ ಅದೇ. ಹಿಡಿಕೆ ಮುರಿದ ಚಹಾ ಜರಡಿ.

ನಾನು ಸೆರಗಿನಿಂದ ಬಾಯಿ ಒರೆಸಿಕೊಂಡೆ. ಡಾಕ್ಟರು ಬೆಳಗಿನಿಂದ ಅದನ್ನೇ ಎದುರಿಗಿಟ್ಟುಕೊಂಡು ಗಾಡಿ ನಡೆಸಿದ್ದರು.

"ಗಣಪ್ಪ ಅದರ ಮ್ಯಾಲೆ ಕುಂತಾನ," ಎಂದೆ.

ಇಬ್ಬರೂ ಗಾಡಿಯ ಗಾಜಿನೊಳಗೆ ನೋಡಿದರು. ಡಾಕ್ಟರು ಓಡಿ ಹೋಗಿ ಕೈ ಹಾಕುವುದರಲ್ಲಿದ್ದರು, ಕಸ್ತೂರಿ ತಡೆದಳು.

"ಮುಟ್ಟಬ್ಯಾಡ್ರಿ. ಅದು ದೇವರ ಪೀಠ. ಹೊಗಿ ಕೊಳವಿಗೆ ಹಾಕತೀರೇನು?"

"ಅದು ಬಂದದ್ದ ಹೊಗಿ ಕೊಳವಿಂದ ಕಸ್ತೂರಿ."

"ಎಲ್ಲಿಂದಾರ ಬರಲಿ. ಪೂಜಿ ಆಗೇತಿ. ರೆಸ್ಟನ್ ಮುಟ್ಟೂತನಕ ಕದಲಸೂದಿಲ್ಲ ಅಂದೀನಿ."

"ಹೊಳಿ ಬ್ಯಾಡೇನು ನಿನಗ?"

ಕಸ್ತೂರಿ ಒಂದು ಸಲ ಹೊಳೆಯ ಕಡೆ ನೋಡಿದಳು, ಒಂದು ಸಲ ಗಣಪತಿಯ ಕಡೆ. ಕಣ್ಣಲ್ಲಿ ನೀರು ನಿಂತಿತ್ತು. ನನಗೆ ಅಳುವವರನ್ನು ಕಂಡರೆ ಆಗುವುದಿಲ್ಲ. ಕೈಯಲ್ಲಿದ್ದ ಮಾತು ಹೊರಗೆ ತೆಗೆದೆ.

"ಡಾಕ್ಟ್ರ, ಜಿಂಕಿ ಸುದ್ದಿ ಹೇಳಲೇನು?"

ಡಾಕ್ಟರು ನೆಲ ನೋಡಿದರು.

"ಗಣಪ್ಪ ಕದಲಿ ಆಗೇತಿ ಕಸ್ತೂರಿ. ಜಿಂಕಿ ಬಂದಾಗ ನಿನ್ನ ಗಂಡ ಬ್ರೇಕ್ ಹಾಕಿದ, ಗಣಪ್ಪ ಪೀಠ ಬಿಟ್ಟು ಒರಗಿದ. ನಾ ಎತ್ತಿ ಇಟ್ಟೆ. ಕದಲಿದ ಮ್ಯಾಲೆ ಪೂಜಿ ಮುಗೀತಲ್ಲ. ಈಗ ಅದು ಪೀಠ ಅಲ್ಲ, ಜರಡಿ."

"ನನಗ ಯಾಕ ಹೇಳಲಿಲ್ಲ?"

"ನಿನ್ನ ಗಂಡ ಬ್ಯಾಡಂದ."

ಕಸ್ತೂರಿ ಗಂಡನ ಮುಖವನ್ನು ನೋಡಿದ ರೀತಿಗೆ ನಾನಾಗಿದ್ದರೆ ಹೊಳೆಗೆ ಹಾರುತ್ತಿದ್ದೆ. ಆಮೇಲೆ ಅವಳ ಬಾಯಿಯ ಮೂಲೆ ಸಡಿಲಾಯಿತು.

"ಹಂಗಾದ್ರ ಕದಲಿಸಿದವರು ನೀವು. ಮಂಗಳಾರತಿನೂ ನೀವ ಮಾಡ್ರಿ. ನಮಸ್ಕಾರ ಮಾಡಿ ಆಮ್ಯಾಲೆ ತಗೀರಿ."

ಹೊರಗೆ ಗಣಪತಿಯನ್ನು ತಂದು ಕರ್ಪೂರದ ಡಬ್ಬಿ ತೆರೆಯುತ್ತಲೇ ಆಫೀಸರ್ ಎರಡೂ ಕೈ ಮುಂದೆ ಚಾಚಿದಳು. ಒಣ ಕಾಡು, ಹೊರಗೆ ಬೆಂಕಿ ಕೂಡದು. ನಾವು ಮೂವರೂ ಗಾಡಿಯೊಳಗೆ ಹೋದೆವು. ದೇವರೇ ಇಲ್ಲ ಎಂದು ನಾನು ಬಂದ ದಿನದಿಂದ ವಾದಿಸುತ್ತಿದ್ದ ಮನುಷ್ಯ ಒಂದು ಕೈಯಲ್ಲಿ ಆರತಿ, ಒಂದು ಕೈಯಲ್ಲಿ ಗಂಟೆ ಹಿಡಿದು ಸಿಂಕಿನ ಪಕ್ಕದಲ್ಲಿ ನಿಂತರು. ಗಂಟೆಯ ಸದ್ದಿಗೆ ಆಫೀಸರ್ ಹೊರಗೆ ಟೋಪಿ ತೆಗೆದು ನಿಂತಿದ್ದಳು. ಕಿಟಕಿಯಿಂದ ಕಂಡಿತು.

ಜಾಲರಿಯ ಕಣ್ಣುಗಳೆಲ್ಲ ನನ್ನ ಕಣಕದಿಂದ ಮುಚ್ಚಿಹೋಗಿದ್ದವು. ಹೊಗೆ ಹೋಗಲು ದಾರಿ ಬೇಕಂತೆ. ಡಾಕ್ಟರು ನನ್ನ ತಲೆಯ ಪಿನ್ನು ಇಸಕೊಂಡು, ಕನ್ನಡಕ ಏರಿಸಿ, ಒಂದೊಂದೇ ಕಣ್ಣಿನಿಂದ ಕಣಕ ಕೀಳುತ್ತಾ ಕೂತರು. ಕುಂಕುಮ ಒರೆಸಿದ ಮೇಲೆ ಅಂಚಿನಲ್ಲಿ ಸಣ್ಣ ಅಕ್ಷರಗಳು ಕಂಡವು, ಕಾಡಿನ ಇಲಾಖೆ ಒಪ್ಪಿದ್ದಕ್ಕೆ ಗುರುತಂತೆ. ಆಫೀಸರ್ ಅದನ್ನು ಓದಿ ಸರಿ ಎಂದಳು. ಜಾಲರಿಯನ್ನು ಕೊಳವೆಗೆ ಕೂಡಿಸಿ ಸ್ಕ್ರೂ ಬಿಗಿದರು. ಅವಳು ಮತ್ತೆ ಕಡ್ಡಿ ಬಿಟ್ಟಳು. ಟಕ್ ಎಂದು ನಿಂತಿತು.

"ಹ್ಯಾವ್ ಎ ಗುಡ್ ಈವ್ನಿಂಗ್, ಮ್ಯಾಮ್," ಎಂದು ನನಗೇ ಹೇಳಿ ಹೋದಳು. ಯಜಮಾನಿ ಯಾರೆಂದು ಅವಳಿಗೆ ತಿಳಿದಿತ್ತು.

ಹೊಳೆ ದಂಡೆ

ಹೊಳೆ ದೊಡ್ಡದೇನಲ್ಲ. ನಮ್ಮ ಕಡೆ ಹಳ್ಳ ಅನ್ನುತ್ತೇವೆ. ಕಲ್ಲುಗಳ ನಡುವೆ ನೀರು ಹರಿಯುತ್ತಿತ್ತು, ಅಷ್ಟೇ. ದೂರದಲ್ಲಿ ಬರಿ ಮಣ್ಣಿನ ಮೇಲೆ ಜನರೇಟರ್ ಗುರುಗುಟ್ಟುತ್ತಿತ್ತು. ಕಸ್ತೂರಿ ಕುರ್ಚಿ ಹಾಕಿಕೊಂಡು ಕೂತಳು. ಡಾಕ್ಟರು ಅವಳ ಹಿಂದೆ, ರಿಸಲ್ಟಿಗೆ ಕಾಯುವ ವಿದ್ಯಾರ್ಥಿಯಂತೆ ನಿಂತರು.

"ಇಷ್ಟೇ ಏನ?" ಎಂದಳು ಕಸ್ತೂರಿ.

"ಇಷ್ಟೇ," ಎಂದರು ಡಾಕ್ಟರು.

"ನೀರು ಕಡಿಮಿ ಐತಿ."

"ಆವಾಗ ಬಾಳ ಇತ್ತು. ಆವಾಗ ನಿಲ್ಲಸಬೇಕಿತ್ತು."

"ಬಿಡ್ರಿ. ಆವಾಗ ನಿಲ್ಲಿಸಿದ್ರ ನೀವು ಗಡಿಯಾರ ನೋಡಕೋತ ನಿಲ್ಲತಿದ್ರಿ."

ಸೊಳ್ಳೆ ಕಡಿಯುತ್ತಿವೆ ಎಂದು ಎರಡು ಸಲ ಹೇಳಿದಳು, ಏಳಲಿಲ್ಲ. ಚಪ್ಪಲಿ ಬಿಟ್ಟು ನೀರಿಗೆ ಕಾಲಿಟ್ಟಳು. ನೀರು ಕೊರೆಯುತ್ತಿತ್ತು, ಕಾಲು ತೆಗೆಯಲಿಲ್ಲ. ನಾನು ಅವರಿಬ್ಬರನ್ನೂ ಬಿಟ್ಟು ಒಳಗೆ ಹೋಗಿ ರೊಟ್ಟಿಗೆ ಹಿಟ್ಟು ಕಲಸಿದೆ. ಆ ರಾತ್ರಿ ಬ್ಯಾಟರಿ ತುಂಬಿತ್ತು, ಮಷಿನ್ ಊದಿತು, ಆನೆ ಮಲಗಿತು, ನಾನು ಕಿವಿಗೆ ಹತ್ತಿ ಇಟ್ಟುಕೊಂಡೆ.

ರೆಸ್ಟನ್

ರೆಸ್ಟನ್‌ನಲ್ಲಿ ಕಸ್ತೂರಿಯ ಮಗಳು ಸುಮಾಳ ಮನೆ. ಸುತ್ತ ಗಾಜಿನ ಆಫೀಸುಗಳು, ನಡುವೆ ನಡೆಯಲು ದಾರಿ, ದಾರಿಯಲ್ಲಿ ಮನುಷ್ಯರಿಗಿಂತ ನಾಯಿಗಳು ಹೆಚ್ಚು. ಪೀಠವಿಲ್ಲದ ಗಣಪತಿ ಅಲ್ಲಿಯ ತನಕ ನನ್ನ ಉಡಿಯಲ್ಲಿ ಬಂದ. ಸುಮಾ ಅವನಿಗೆ ಗಾಜಿನ ಬಾಟಲಿಯ ಮುಚ್ಚಳ ಕೊಟ್ಟಳು. "ಚೆನ್ನಾಗಿ ಫಿಟ್ ಆಗತ್ತೆ ದೊಡ್ಡಮ್ಮ," ಎಂದಳು. ಜರಡಿಯಷ್ಟು ಲಕ್ಷಣವಾಗಿಲ್ಲ.

ಮರುದಿನ ಬೆಳಿಗ್ಗೆ ಅಳಿಯನಿಗೆ ತೋರಿಸಲು ಡಾಕ್ಟರು ಜನರೇಟರ್ ಅಂಗಳಕ್ಕೆ ತಂದರು. ಈಗ ಚಾಲೂ ಮಾಡುವ ಮುಂಚೆ ಜಾಲರಿ ಇದೆಯೋ ಇಲ್ಲವೋ ಎಂದು ನೋಡದೆ ಅವರಿಗೆ ಸಮಾಧಾನವಿಲ್ಲ. ಕೊಳವೆ ಕೆಳಗಿದೆ, ಮೊಣಕಾಲೂರಿ ತಲೆ ಬಗ್ಗಿಸಬೇಕು. ಕಸ್ತೂರಿ ಪಕ್ಕದಲ್ಲಿ ನಿಂತು ದೇವರು ಕೂತ ಜಾಗವೆಂದು ಕೈ ಮುಗಿದಳು. ಎದುರು ಮನೆಯವನು ನಾಯಿ ಹಿಡಿದುಕೊಂಡು ನಿಂತು ನೋಡಿ, ಇವತ್ತು ನಿಮ್ಮ ಹಬ್ಬವೇ ಎಂದು ಸುಮಾಳನ್ನು ಕೇಳಿದ. ಅವಳು ಹೌದು ಎಂದಳು. ಅವನು ನಮಗೆ ಶುಭಾಶಯ ಹೇಳಿದ. ನಾಯಿಯೂ ಬಾಲ ಅಲ್ಲಾಡಿಸಿತು.

ಡಾಕ್ಟರು ಎದ್ದು ಮೊಣಕಾಲಿನ ಧೂಳು ಕೊಡವಿದರು. ಅಷ್ಟರಲ್ಲಿ ಚಹಾ ಕುಡಿಯುತ್ತಾ ಕೂತಿದ್ದ ಹೆಂಡತಿಯ ಹತ್ತಿರ ಬಂದು ಮೆಲ್ಲಗೆ ಕೇಳಿದರು.

"ತಿರುಗಿ ಹೋಗುವಾಗ ಹೊಳಿ ದಂಡಿಗೆ ಇನ್ನೊಂದು ರಾತ್ರಿ ಇರೂಣೇನು ಕಸ್ತೂರಿ?"

"ಮುಂದಿನ ಸಲ," ಎಂದಳು.

ಡಾಕ್ಟರ ಮುಖ ಸಣ್ಣದಾಯಿತು. ಕಸ್ತೂರಿ ಅವಸರ ಮಾಡಲಿಲ್ಲ. ಚಹಾ ಪೂರ್ತಿ ಕುಡಿದಳು, ಕಪ್ಪನ್ನು ನನ್ನ ಕೈಗೆ ಕೊಟ್ಟಳು.

"ಮುಂದಿನ ಸಲ ಅಂದ್ರ ಶುಕ್ರವಾರ. ಶುಕ್ರವಾರ ತಿರುಗಿ ಹೊಂಟೇವಲ್ಲ, ಆವಾಗ. ಜರಡಿ ತಗದು ಎಲ್ಲೂ ಇಡಬ್ಯಾಡ್ರಿ. ಅಕ್ಕ ಇನ್ನೂ ಇಲ್ಲೇ ಅದಾಳ."